ಮುಂಬೈಗೆ ಹೋದವರು ಎಲ್ಲಿ ಇಳಿದುಕೊಳ್ಳಬೇಕು?

ಮುಂಬೈಗೆ ಹೋಗುವವರು ಯಾವ ಬಡಾವಣೆಯಲ್ಲಿ ತಂಗಬೇಕು ಎಂಬ ಪ್ರಶ್ನೆಗೆ ಪ್ರವಾಸದ ಪುಟಗಳು ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ. ಹಳೆಯ ಕಟ್ಟಡಗಳ ಮೋಹವಿದ್ದವರಿಗೆ ಕೊಲಾಬಾ, ತಿರುಗಾಟದ ಉಮೇದಿದ್ದವರಿಗೆ ಬಾಂದ್ರಾ, ಸಮುದ್ರದ ಗಾಳಿ ಬೇಕೆನ್ನುವವರಿಗೆ ಜುಹೂ. ಈ ಸಲಹೆಯಲ್ಲಿ ತಪ್ಪೇನೂ ಇಲ್ಲ. ಆದರೆ ರಾಯಚೂರು ನಿಲ್ದಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗಾಗಿ ಕಾಯುತ್ತ ಕುಳಿತವರ ಕೈಚೀಲಗಳನ್ನು ಗಮನಿಸಿದವರಿಗೆ ಅದು ಬೇರೆ ಯಾವುದೋ ದೇಶದ ಜನರಿಗೆ ಬರೆದ ಸಲಹೆಯಂತೆ ಕಾಣುತ್ತದೆ. ಒಂದು ಚೀಲದಲ್ಲಿ ಒಣಗಿಸಿದ ಸಜ್ಜೆ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿ. ಇನ್ನೊಂದರಲ್ಲಿ ಸ್ಕ್ಯಾನಿಂಗಿನ ದೊಡ್ಡ ಲಕೋಟೆ. ಬುತ್ತಿ ನಾಲ್ಕು ದಿನಕ್ಕೆ ಸಾಕಾದೀತು. ಲಕೋಟೆಯ ಕೆಲಸ ನಾಲ್ಕು ದಿನಕ್ಕೆ ಮುಗಿಯುವುದು ಅಪರೂಪ.

ರಾಯಚೂರಿಗೂ ಮುಂಬೈಗೂ ಇರುವ ನಂಟು ಇಂದಿನದಲ್ಲ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ, ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಸಂಧಿಸಿದ್ದು 1871ರಲ್ಲಿ, ಈ ರಾಯಚೂರಿನಲ್ಲೇ. ಅಂದಿನಿಂದ ಎರಡು ಕರಾವಳಿ ಮಹಾನಗರಗಳ ನಡುವಿನ ಗಂಟಿನಂತೆ ಇರುವ ಊರು ಇದು. ನಿಜಾಮರ ಕಾಲದಲ್ಲಿ ಆಡಳಿತದ ದಾರಿ ಹೈದರಾಬಾದಿಗೆ ಹೋಗುತ್ತಿತ್ತು. 1956ರ ನಂತರ ಅದು ಬೆಂಗಳೂರಿನತ್ತ ತಿರುಗಿತು. ಆದರೆ ಹತ್ತಿಯ ದಾರಿ, ದುಡಿಮೆಯ ದಾರಿ ಮತ್ತು ಸುಮಾರು 1941ರಿಂದೀಚೆಗೆ ದೊಡ್ಡ ಕಾಯಿಲೆಯ ದಾರಿಯೂ ಸುಮಾರು 700 ಕಿಲೋಮೀಟರು ದೂರದ ಮುಂಬೈಯತ್ತಲೇ ಸಾಗಿದೆ. ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆದ ವರ್ಷ ಅದು. 1962ರಿಂದ ಆ ಆಸ್ಪತ್ರೆ ಕೇಂದ್ರದ ಅಣುಶಕ್ತಿ ಇಲಾಖೆಯ ಅಧೀನದಲ್ಲಿದೆ. ಬಡ ಕುಟುಂಬವೂ ಅದರ ಮೆಟ್ಟಿಲು ಹತ್ತುವ ಧೈರ್ಯ ಮಾಡುವುದು ಅಲ್ಲಿ ಚಿಕಿತ್ಸೆಯ ದರ ಕೈಗೆಟಕುತ್ತದೆ ಎಂಬ ಕಾರಣಕ್ಕೆ.

ಹಾಗೆಂದು ರಾಯಚೂರಿನ ಎಲ್ಲ ರೋಗಿಗಳೂ ಮುಂಬೈಗೆ ಹೋಗುತ್ತಾರೆಂದಲ್ಲ. ಹೈದರಾಬಾದು ಹತ್ತಿರ, ಅಲ್ಲಿಗೆ ಹೋಗುವವರ ಸಂಖ್ಯೆ ದೊಡ್ಡದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ, ಅದರ ಶಾಖೆ ಕಲಬುರಗಿಯಲ್ಲಿದೆ. 2012ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಜಾಲದ ಉದ್ದೇಶವೇ ಊರೂರಿನ ಆಸ್ಪತ್ರೆಗಳಲ್ಲಿ ಒಂದೇ ಬಗೆಯ ಚಿಕಿತ್ಸಾಕ್ರಮ ಸಿಗುವಂತೆ ಮಾಡುವುದು. ಆದರೂ ಊರಿನಲ್ಲಿ ಒಬ್ಬ ಗುಣವಾಗಿ ಬಂದನೆಂದರೆ ಅವನು ಹೋದ ಆಸ್ಪತ್ರೆಯ ಹೆಸರೇ ಉಳಿದವರ ಕಿವಿಗೆ ಮಂತ್ರವಾಗುತ್ತದೆ. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಆ ಮಂತ್ರ 'ಟಾಟಾ'. ಅವರು ಬಸ್ಸು ಹಿಡಿದು ರಾಯಚೂರಿಗೆ ಬಂದು, ಅಲ್ಲಿಂದ ರೈಲು ಹತ್ತುತ್ತಾರೆ. ಎಲ್ಲಿ ಇಳಿದುಕೊಳ್ಳುವುದೆಂಬುದನ್ನು ರೈಲು ಕಲ್ಯಾಣ ದಾಟಿದ ಮೇಲೆ ಯೋಚಿಸುತ್ತಾರೆ.

ಗುಳೆ ಹೋಗುವವರಿಗೆ ಈ ಯೋಚನೆಯ ಕಷ್ಟವಿಲ್ಲ ಎಂದರೆ ಕ್ರೂರವಾಗಿ ಕೇಳಿಸಬಹುದು. ಆದರೆ ಸಂಗತಿ ಹಾಗೆಯೇ ಇದೆ. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ಸುಗ್ಗಿ ಮುಗಿದ ಮೇಲೆ ಅಲ್ಲಿಂದ ಬೆಂಗಳೂರು, ಪುಣೆ, ಮುಂಬೈಗಳಿಗೆ ಹೊರಡುವ ಕುಟುಂಬ ಎಲ್ಲಿ ತಂಗಬೇಕೆಂಬುದನ್ನು ಮೇಸ್ತ್ರಿ ಮೊದಲೇ ನಿರ್ಧರಿಸಿರುತ್ತಾನೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡು ಅಥವಾ ತಮ್ಮೂರಿನವರು ಮೊದಲೇ ಗುಡಿಸಲು ಹಾಕಿದ ಜಾಗ. ಆಯ್ಕೆ ಇಲ್ಲದ್ದರಿಂದ ಗೊಂದಲವೂ ಇಲ್ಲ. ವ್ಯಾಪಾರಿಗೆ ಪರಿಚಯದ ಪೇಟೆಯಿರುತ್ತದೆ, ಸಂದರ್ಶನಕ್ಕೆ ಹೋಗುವ ಹುಡುಗನಿಗೆ ಗೆಳೆಯನ ಕೋಣೆಯಿರುತ್ತದೆ. ಪೂರ್ತಿ ಕತ್ತಲಲ್ಲಿ ಆಯ್ಕೆ ಮಾಡಬೇಕಾದವನು ರೋಗಿ ಮತ್ತು ಅವನ ಜೊತೆಗೆ ಬಂದವನು. ತಪ್ಪಿದರೆ ಹೆಚ್ಚು ತೆರಬೇಕಾದವರೂ ಅವರೇ.

ಇದೇಕೆ ಇಷ್ಟು ದೊಡ್ಡ ವಿಷಯ ಎಂದು ಓದುಗರು ಕೇಳಬಹುದು. ಕಾರಣ ಚಿಕಿತ್ಸೆಯ ಸ್ವರೂಪದಲ್ಲಿದೆ. ಕ್ಯಾನ್ಸರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಆಸ್ಪತ್ರೆಯ ಹಾಸಿಗೆ. ವಾಸ್ತವದಲ್ಲಿ ಚಿಕಿತ್ಸೆಯ ಬಹುಭಾಗ ನಡೆಯುವುದು ಹಾಸಿಗೆಯ ಹೊರಗೆ. ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಐದಾರು ವಾರ. ದಿನಕ್ಕೆ ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಔಷಧದ ಚಿಕಿತ್ಸೆಯಾದರೆ ಅನೇಕ ಸಲ ಮೂರು ವಾರಕ್ಕೊಂದು ಸುತ್ತು. ಅದಕ್ಕೂ ಮೊದಲು ನೋಂದಣಿ, ಪರೀಕ್ಷೆಗಳು, ಫಲಿತಾಂಶಗಳು, ವೈದ್ಯರ ಸಮಾಲೋಚನೆ. ಅಂದರೆ ಆ ಕುಟುಂಬ ಆಸ್ಪತ್ರೆಯಲ್ಲಿ ಕಳೆಯುವ ಒಂದೊಂದು ಗಂಟೆಗೆ ಹತ್ತಾರು ಗಂಟೆಗಳನ್ನು ಮುಂಬೈ ನಗರದಲ್ಲಿ ಕಳೆಯಬೇಕು. ವಿಮೆ ಮತ್ತು ಸರ್ಕಾರಿ ಯೋಜನೆಗಳ ಪ್ಯಾಕೇಜುಗಳು ಒಳರೋಗಿಯ ಹಾಸಿಗೆಯನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಹೊರರೋಗಿಯ ಬಾಡಿಗೆ ಕೋಣೆಯನ್ನಲ್ಲ. ನಾನು ಸೇವೆಯಲ್ಲಿದ್ದಾಗ ವೈದ್ಯಕೀಯ ನೆರವು ಕೋರಿದ ನೂರಾರು ಅರ್ಜಿಗಳು ಮೇಜಿನ ಮೇಲೆ ಹಾದುಹೋಗಿವೆ. ಶಸ್ತ್ರಚಿಕಿತ್ಸೆಯ ಅಂದಾಜು, ಔಷಧಿಯ ಅಂದಾಜು, ಜಾತಿ, ವರಮಾನ ಎಲ್ಲಕ್ಕೂ ಅಂಕಣಗಳಿದ್ದವು. ಎಲ್ಲಿ ಉಳಿಯುತ್ತೀರಿ ಎಂಬ ಅಂಕಣವಿದ್ದ ಒಂದು ನಮೂನೆಯನ್ನೂ ನಾನು ನೋಡಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಹೊಸದಲ್ಲ. ಜರ್ಮನಿಯ ಜಮೀನುದಾರ ಫಾನ್ ಥ್ಯೂನೆನ್ 1826ರಲ್ಲೇ ಪೇಟೆಯಿಂದ ದೂರ ಹೋದಂತೆ ಜಮೀನಿನ ಗೇಣಿ ಇಳಿಯುತ್ತದೆ, ಸಾಗಾಟದ ವೆಚ್ಚ ಏರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. 1964ರಲ್ಲಿ ವಿಲಿಯಂ ಅಲಾನ್ಸೊ ಅದನ್ನೇ ಆಧುನಿಕ ನಗರಕ್ಕೆ ಅನ್ವಯಿಸಿದ: ಕೇಂದ್ರಕ್ಕೆ ಹತ್ತಿರವಿದ್ದರೆ ಬಾಡಿಗೆ ಹೆಚ್ಚು, ದೂರವಿದ್ದರೆ ಓಡಾಟ ಹೆಚ್ಚು, ಪ್ರತಿ ಕುಟುಂಬವೂ ಇವೆರಡರ ನಡುವೆ ತನಗೆ ಹೊಂದುವ ಬಿಂದುವನ್ನು ಹುಡುಕುತ್ತದೆ. ಸಿದ್ಧಾಂತ ಸೊಗಸಾಗಿದೆ. ಆದರೆ ಅದರಲ್ಲಿ ಓಡಾಡುವ ದೇಹ ಆರೋಗ್ಯವಾಗಿರುತ್ತದೆ.

ಒಂದು ಕಲ್ಪಿತ ಲೆಕ್ಕ ಮಾಡೋಣ. ಪರೇಲಿನ ಹತ್ತಿರ ದಿನಕ್ಕೆ 900 ರೂಪಾಯಿಯ ಕೋಣೆ, ಕಲ್ಯಾಣದಲ್ಲಿ 500 ರೂಪಾಯಿಯ ಕೋಣೆ ಸಿಕ್ಕಿತೆಂದು ಇಟ್ಟುಕೊಳ್ಳಿ. ಆರು ವಾರ, ಅಂದರೆ 42 ದಿನಗಳಿಗೆ ಉಳಿತಾಯ 16,800 ರೂಪಾಯಿ. ಚಿಕಿತ್ಸೆಯ 30 ದಿನ ಇಬ್ಬರು ಹೋಗಿ ಬರುವ ಲೋಕಲ್ ರೈಲಿನ ಟಿಕೆಟ್ಟು ತಲಾ 15 ರೂಪಾಯಿಯಂತೆ 1,800. ಎರಡೂ ಕಡೆಯ ಆಟೊ, ಟ್ಯಾಕ್ಸಿಗೆ ದಿನಕ್ಕೆ ನೂರರಂತೆ 3,000. ಎಲ್ಲ ಕಳೆದರೂ 12,000 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಮಾನ್ವಿಯ ಹತ್ತಿ ಬೆಳೆಗಾರನಿಗೆ ಅದು ಸಣ್ಣ ಮೊತ್ತವಲ್ಲ. ಹೀಗಾಗಿ ಕಾಗದದ ಮೇಲಿನ ಲೆಕ್ಕ ಕಲ್ಯಾಣವೇ ಸರಿ ಎನ್ನುತ್ತದೆ, ಬಂಧುಗಳೂ ಅದನ್ನೇ ಹೇಳುತ್ತಾರೆ.

ಲೆಕ್ಕದಲ್ಲಿ ಬರದೆ ಉಳಿದದ್ದನ್ನು ನೋಡಬೇಕು. ಮುಂಬೈ ಲೋಕಲ್ಲಿನ ಬೆಳಗಿನ ದಟ್ಟಣೆ ಗಟ್ಟಿಮುಟ್ಟಾದವರನ್ನೇ ಹಣ್ಣು ಮಾಡುತ್ತದೆ. ಅಂಗವಿಕಲರಿಗೆ ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಪ್ರವೇಶವಿದೆ ಎಂಬುದು ದೇವದುರ್ಗದಿಂದ ಬಂದವರಿಗೆ ಯಾರಾದರೂ ಹೇಳಿದರೆ ತಾನೆ ತಿಳಿಯುವುದು? ಮೂರನೆಯ ವಾರದ ಹೊತ್ತಿಗೆ ವಿಕಿರಣದ ಆಯಾಸ ಮೈಗೆ ಹತ್ತುತ್ತದೆ. ವಾಂತಿ, ಬೇಧಿ, ಗಂಟಲು ಉರಿ. ಆಗ 'ಇವತ್ತೊಂದು ದಿನ ಬೇಡ' ಎಂದು ಉಳಿಯುವುದು ಸಹಜ. ಆದರೆ ಈ ಚಿಕಿತ್ಸೆಯಲ್ಲಿ ಬಿಟ್ಟ ದಿನಗಳಿಗೆ ಬೆಲೆಯಿದೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳನ್ನು ಹೆಚ್ಚಾಗಿ ಕಾಡುವ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ವಿಕಿರಣ ಚಿಕಿತ್ಸೆ ಒಟ್ಟು ಎಂಟು ವಾರದೊಳಗೆ ಮುಗಿಯಬೇಕು, ಅದು ಲಂಬಿಸಿದಷ್ಟೂ ಫಲ ತಗ್ಗುತ್ತದೆ ಎಂಬುದು ವೈದ್ಯಕೀಯದಲ್ಲಿ ಸ್ಥಿರಪಟ್ಟ ಮಾತು. 12,000 ರೂಪಾಯಿಯ ಉಳಿತಾಯ ಯಾವುದಕ್ಕೆ ಎದುರಾಗಿ ನಿಂತಿದೆ ಎಂಬುದು ಈಗ ಸ್ಪಷ್ಟವಾಗುತ್ತದೆ.

ಹಾಗಾದರೆ ಪರೇಲಿನಲ್ಲೇ ಉಳಿಯಬೇಕೆ? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂದು ಊರು, ಒಂದು ಆಯ್ಕೆ ಎಂದು ಯೋಚಿಸುವುದರಲ್ಲೇ ತೊಡಕಿದೆ. ಮೊದಲ ವಾರಕ್ಕೆ ಒಂದು ಬಡಾವಣೆ, ಅನಂತರದ ವಾರಗಳಿಗೆ ಇನ್ನೊಂದು ಎಂದು ಯೋಚಿಸಬೇಕು. ಮೊದಲ ದಿನಗಳಲ್ಲಿ ಆಸ್ಪತ್ರೆಯ ಕಿಟಕಿಯಿಂದ ಕಿಟಕಿಗೆ ಓಡಾಟ. ಬೆಳಗಿನ ಸರದಿ, ಮಧ್ಯಾಹ್ನದ ಪರೀಕ್ಷೆ, ಸಂಜೆಗೆ ಮತ್ತೊಂದು ಕಾಗದ. ಆಗ ಪರೇಲ್ ಅಥವಾ ದಾದರ್ ಪೂರ್ವವೇ ಬೇಕು, ಬಾಡಿಗೆ ಎರಡು ಪಟ್ಟಾದರೂ ಸರಿ. ಚಿಕಿತ್ಸೆಯ ಕ್ರಮ ತೀರ್ಮಾನವಾಗುವವರೆಗೆ ಯಾರಿಗೂ ತಿಂಗಳ ಮುಂಗಡ ಕೊಡಬಾರದು. ನನಗೆ ಗೊತ್ತಿರುವ ದೇವದುರ್ಗ ತಾಲ್ಲೂಕಿನ ಒಂದು ಕುಟುಂಬ ಬಂದಿಳಿದ ದಿನವೇ ನಿಲ್ದಾಣದ ಹೊರಗೆ ಸಿಕ್ಕ ದಲಾಲಿಯ ಮಾತಿಗೆ ಒಂದು ತಿಂಗಳ ಬಾಡಿಗೆ ಕೊಟ್ಟಿತು. ಐದನೆಯ ದಿನ ಅವರಿಗೆ ತಿಳಿದದ್ದು, ಚಿಕಿತ್ಸೆ ನಡೆಯುವುದು ಪರೇಲಿನಲ್ಲಲ್ಲ, ಖಾರ್ಘರ್‌ನಲ್ಲಿ ಎಂದು.

ಈ ಖಾರ್ಘರ್ ವಿಷಯ ನಮ್ಮ ಕಡೆಯವರಿಗೆ ಅಷ್ಟಾಗಿ ತಿಳಿದಿಲ್ಲ. ಟಾಟಾ ಸಂಸ್ಥೆಗೆ ನವೀ ಮುಂಬೈಯ ಖಾರ್ಘರ್‌ನಲ್ಲಿ ಎರಡನೆಯ ದೊಡ್ಡ ಆವರಣವಿದೆ. ಪರೇಲಿನ ರೋಗಿಗಳಲ್ಲಿ ಎಷ್ಟೋ ಜನರನ್ನು ಅಲ್ಲಿಗೆ ಕಳಿಸುತ್ತಾರೆ. ಎರಡಕ್ಕೂ ನಡುವೆ ಸಮುದ್ರದ ಖಾರಿಯೇ ಇದೆ. ನಕ್ಷೆ ನೋಡಿದರೆ ಇವೆರಡನ್ನೂ ಜೋಡಿಸುವುದು ಹಾರ್ಬರ್ ಮಾರ್ಗದ ಲೋಕಲ್ ರೈಲು. ಆ ಮಾರ್ಗದ ಶಿವಡಿ ನಿಲ್ದಾಣದಿಂದ ಪರೇಲಿನ ಆಸ್ಪತ್ರೆ ದೂರವಿಲ್ಲ. ಇನ್ನೊಂದು ದಿಕ್ಕಿನಲ್ಲಿ ಖಾರ್ಘರ್ ನಿಲ್ದಾಣ. ಇವೆರಡರ ನಡುವೆ ವಾಶಿ. ಯಾವ ಆವರಣಕ್ಕೆ ಕಳಿಸಿದರೂ ಒಂದೇ ರೈಲಿನಲ್ಲಿ ಹೋಗಿಬರಬಹುದಾದ ಬಡಾವಣೆ ಅದು. ಕೊಯಮತ್ತೂರು–ಕುರ್ಲಾ ಎಕ್ಸ್‌ಪ್ರೆಸ್ಸಿನಲ್ಲಿ ರಾಯಚೂರಿನಿಂದ ಹೋಗುವವರು ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಇಳಿಯುತ್ತಾರೆ. ಅದಕ್ಕೆ ಹತ್ತಿರದ ತಿಲಕನಗರ ಹಾರ್ಬರ್ ಮಾರ್ಗದಲ್ಲೇ ಇರುವುದರಿಂದ ವಾಶಿಗೆ ನೇರ ಗಾಡಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನವರಾದರೆ ದಾದರಿನಲ್ಲಿ ಇಳಿಯಬೇಕು. ಕೊನೆಯ ನಿಲ್ದಾಣದವರೆಗೆ ಕುಳಿತು, ಸಾಮಾನು ಹೊತ್ತು ಮತ್ತೆ ಹಿಂದಕ್ಕೆ ಬರುವವರೇ ಹೆಚ್ಚು.

ವಾಶಿ ನಿಲ್ದಾಣದ ಆಸುಪಾಸಿನಲ್ಲಿ ಅಸ್ಸಾಂ ಭವನವಿದೆ, ಮಿಜೋರಾಂ ಹೌಸ್ ಇದೆ, ಕೇರಳ ಹೌಸ್ ಇದೆ. ಈಶಾನ್ಯದ ಈ ಭವನಗಳು ಅಧಿಕಾರಿಗಳ ಅತಿಥಿಗೃಹಗಳಾಗಿ ಮಾತ್ರ ಉಳಿಯಲಿಲ್ಲ. ಅಲ್ಲಿ ತಂಗುವವರಲ್ಲಿ ಚಿಕಿತ್ಸೆಗೆ ಬಂದ ಕ್ಯಾನ್ಸರ್ ರೋಗಿಗಳ ಪಾಲು ಗಣನೀಯ. ಸಾವಿರಾರು ಕಿಲೋಮೀಟರು ದೂರದ ಸಣ್ಣ ರಾಜ್ಯವೊಂದಕ್ಕೆ ತನ್ನ ಜನ ಮುಂಬೈಗೆ ಯಾವ ಕಾರಣಕ್ಕೆ ಬರುತ್ತಾರೆ ಎಂಬುದು ಅರ್ಥವಾಗಿದೆ. ಒಂದೇ ರಾತ್ರಿಯ ರೈಲು ದೂರದಲ್ಲಿರುವ ನಮಗೆ ಅದು ಅರ್ಥವಾಗುವುದು ಕಷ್ಟವಾಗಬಾರದಿತ್ತು.

ಇನ್ನು ಕನ್ನಡಿಗರೆಂದರೆ ಮಾಟುಂಗ ಎಂಬ ರೂಢಿಯ ಮಾತಿದೆ. ಅದರಲ್ಲಿ ಸತ್ಯಾಂಶವಿದೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದು ಮಾಟುಂಗದಲ್ಲಿ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಮಾಟುಂಗ ಪಶ್ಚಿಮದ ಬದಿಯಲ್ಲಿ. ಕಿಂಗ್ಸ್ ಸರ್ಕಲ್ ಸುತ್ತಮುತ್ತ ಹಳೆಯ ಉಡುಪಿ ಹೋಟೆಲುಗಳು. ದಾದರಿಗೆ, ಆ ಮೂಲಕ ಪರೇಲಿಗೆ ಸಮೀಪ. ಕನ್ನಡ ಬಲ್ಲವರೊಬ್ಬರು ಫಾರಂ ತುಂಬಿಕೊಡಲು, ವೈದ್ಯರ ಮಾತನ್ನು ತಿಳಿಸಿ ಹೇಳಲು ಸಿಗುವ ಸಾಧ್ಯತೆ ಇಲ್ಲಿರುವಷ್ಟು ಬೇರೆಡೆ ಇಲ್ಲ. ಕೈಯಲ್ಲಿ ನಾಲ್ಕು ಕಾಸಿದ್ದವರು, ವಿಶೇಷವಾಗಿ ಹಿಂದಿ ಬಾರದ ತಾಯಂದಿರನ್ನು ಕರೆದೊಯ್ಯುವವರು, ಮೊದಲ ವಾರಕ್ಕೆ ಮಾಟುಂಗವನ್ನು ಪರಿಗಣಿಸುವುದು ಲೇಸು.

ಆದರೆ ನಾಲಿಗೆಗೆ ಎರಡು ಕೆಲಸ, ಮಾತು ಮತ್ತು ಊಟ. ಮಾತಿನಲ್ಲಿ ಮಾಟುಂಗ ಹತ್ತಿರವಾದರೂ ಊಟದಲ್ಲಿ ಅದು ರಾಯಚೂರಿನಿಂದ ದೂರ. ಅನ್ನ, ಸಾರು, ತೆಂಗಿನಕಾಯಿಯ ಪಲ್ಯ ಎರಡು ದಿನ ರುಚಿಸೀತು. ಜೋಳದ ರೊಟ್ಟಿಯಿಲ್ಲದೆ ಊಟವಾಯಿತೆಂದೇ ಅನ್ನಿಸದವರಿಗೆ ಲಾಲ್‌ಬಾಗ್, ಪರೇಲಿನ ಮರಾಠಿ ಖಾನಾವಳಿಯ ಭಾಕ್ರಿ, ಝುಣ್ಕಾ, ಶೇಂಗಾ ಚಟ್ನಿ ತೌರಿನ ಊಟ. ಗಿರಣಿ ಕಾರ್ಮಿಕರ ಕಾಲದಲ್ಲಿ ಸೊಲ್ಲಾಪುರ, ಸಾತಾರಾ ಕಡೆಯಿಂದ ಬಂದವರಿಗಾಗಿ ಬೆಳೆದ ಖಾನಾವಳಿಗಳ ಪರಂಪರೆ ಅದು; ಆ ಹೆಂಗಸರೇ 1975ರಲ್ಲಿ ಪ್ರೇಮಾ ಪುರವ್ ಅವರ ನೇತೃತ್ವದಲ್ಲಿ ಅನ್ನಪೂರ್ಣ ಮಹಿಳಾ ಮಂಡಳ ಕಟ್ಟಿಕೊಂಡರು. ಗಂಟಲಲ್ಲಿ ತುತ್ತು ಇಳಿಯದ ದಿನಗಳಲ್ಲಿ ಪರಿಚಿತ ರುಚಿ ಎಂಬುದು ಸಣ್ಣ ಸಂಗತಿಯಲ್ಲ. ಭಾಷೆಯ ಗಡಿ ಒಂದು ಕಡೆ, ಜೋಳದ ಗಡಿ ಇನ್ನೊಂದು ಕಡೆ ಇರುವುದನ್ನು ರಾಜ್ಯ ಪುನರ್ವಿಂಗಡಣಾ ಆಯೋಗದವರು ಗಮನಿಸಲಿಲ್ಲವೇನೋ!

ಮಾನ್ವಿ ಮತ್ತು ರಾಯಚೂರು ನಗರದ ಮುಸ್ಲಿಂ ಕುಟುಂಬಗಳು ಹಲವು ಸಲ ಕ್ರಾಫರ್ಡ್ ಮಾರ್ಕೆಟ್ ಬಳಿಯ ಸಾಬೂ ಸಿದ್ದಿಕ್ ಮುಸಾಫಿರ್‌ಖಾನೆಯನ್ನೋ ಮೊಹಮ್ಮದ್ ಅಲಿ ರಸ್ತೆಯ ಸುತ್ತಿನ ಲಾಡ್ಜುಗಳನ್ನೋ ಹುಡುಕುತ್ತವೆ. ದಖನಿ ಉರ್ದು ಅಲ್ಲಿ ಸಲೀಸಾಗಿ ನಡೆಯುತ್ತದೆ, ಪಕ್ಕದಲ್ಲೇ ದೊಡ್ಡ ರೈಲು ನಿಲ್ದಾಣ. ಒಳ್ಳೆಯ ಆಯ್ಕೆ, ಗದ್ದಲವನ್ನು ಸಹಿಸುವ ಶಕ್ತಿ ರೋಗಿಗಿದ್ದರೆ.

ಧರ್ಮಶಾಲೆಗಳ ವಿಷಯ ಹೇಳದಿದ್ದರೆ ಈ ಚಿತ್ರ ಅಪೂರ್ಣ. ದಾದರ್ ಪೂರ್ವದಲ್ಲಿ ಸಂತ ಗಾಡಗೇ ಮಹಾರಾಜರ ಹೆಸರಿನ ಧರ್ಮಶಾಲೆ, ಪರೇಲಿನಲ್ಲಿ ನಾನಾ ಪಾಲ್ಕರ್ ಸ್ಮೃತಿ ಸಮಿತಿಯ ರೋಗಿಸೇವಾ ಸದನ, ಬಾಂದ್ರಾದಲ್ಲಿ ಟಾಟಾ ಆಸ್ಪತ್ರೆಯದೇ ಡಾ. ಅರ್ನೆಸ್ಟ್ ಬೋರ್ಜೆಸ್ ಸ್ಮಾರಕ ಗೃಹ, ಮಕ್ಕಳ ಕ್ಯಾನ್ಸರಿಗಾದರೆ 2006ರಲ್ಲಿ ಆರಂಭವಾದ ಸೇಂಟ್ ಜೂಡ್ ಸಂಸ್ಥೆಯ ಕೇಂದ್ರಗಳು. ಎಲ್ಲವೂ ಅತ್ಯಲ್ಪ ದರದವು ಅಥವಾ ಉಚಿತ. ಎಲ್ಲಕ್ಕೂ ಸರದಿ ಇದೆ. ಆಸ್ಪತ್ರೆಯ ವೈದ್ಯಕೀಯ ಸಮಾಜಸೇವಾ ವಿಭಾಗದ ಚೀಟಿಯಿಲ್ಲದೆ ಇವುಗಳಲ್ಲಿ ಕೆಲವಕ್ಕೆ ಪ್ರವೇಶ ಕಷ್ಟ. ಆದ್ದರಿಂದ ನೋಂದಣಿಯ ದಿನವೇ, ಚಿಕಿತ್ಸೆ ಶುರುವಾಗುವ ಮೊದಲೇ, ಆ ವಿಭಾಗವನ್ನು ಕಾಣಬೇಕು. ಈ ಒಂದು ಮಾಹಿತಿ ಇಲ್ಲದೆ ಹಿಂದ್‌ಮಾತಾ ಮೇಲ್ಸೇತುವೆಯ ಕೆಳಗೆ, ಆಸ್ಪತ್ರೆಯ ಹೊರಗಿನ ಪಾದಚಾರಿ ಮಾರ್ಗದಲ್ಲಿ ಪ್ಲಾಸ್ಟಿಕ್ ಹೊದಿಸಿಕೊಂಡು ವಾರಗಳನ್ನು ಕಳೆದವರು ದೇಶದ ಮೂಲೆಮೂಲೆಯಿಂದ ಬಂದವರಾಗಿದ್ದಾರೆ.

ಮಳೆಗಾಲವಾದರೆ ಲೆಕ್ಕ ಮತ್ತೆ ಬದಲಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ರಾಯಚೂರಿನ ಇಡೀ ವರ್ಷದ ಸರಾಸರಿ ಮಳೆ ಅದಕ್ಕಿಂತ ಬಹಳ ಕಡಿಮೆ. ಅಂತಹ ಸೀಮೆಯಿಂದ ಹೋದವರಿಗೆ ಜುಲೈ ತಿಂಗಳ ಮುಂಬೈ ಏನೆಂದು ಊಹಿಸುವುದೂ ಸಾಧ್ಯವಿಲ್ಲ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಯಾನ್ ಕಡೆ ನೀರು ನಿಲ್ಲುವುದು ವಾಡಿಕೆಯೇ ಆಗಿಹೋಗಿದೆ. ನೀರು ನಿಂತಾಗ ಲೋಕಲ್ ರೈಲೂ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆದು ಹೋಗಬಹುದಾದ ದೂರದಲ್ಲಿ, ನೆಲಮಾಳಿಗೆಯಲ್ಲದ ಕೋಣೆ ಸಿಕ್ಕರೆ ಬಾಡಿಗೆಗೆ ಜಗ್ಗಾಡುವುದು ಜಾಣತನವಲ್ಲ.

ಆಸ್ಪತ್ರೆಯ ಸುತ್ತ ಇಷ್ಟು ಬೇಡಿಕೆಯಿದ್ದರೂ ಅಗ್ಗದ ಕೋಣೆಗಳೇಕೆ ಹುಟ್ಟಲಿಲ್ಲ? ವೆಲ್ಲೂರಿನ ಆಸ್ಪತ್ರೆಯ ಎದುರಿನ ಬೀದಿಗಳನ್ನು ನೋಡಿದವರಿಗೆ ಈ ಪ್ರಶ್ನೆ ಏಳದಿರದು. ಅಲ್ಲಿ ಬಂಗಾಳಿ ಫಲಕಗಳ ಸಮೇತ, ಒಲೆ–ಪಾತ್ರೆಗಳ ಸಮೇತ ತಿಂಗಳ ಬಾಡಿಗೆಯ ಕೋಣೆಗಳು ತಾವಾಗಿಯೇ ಬೆಳೆದಿವೆ. ಪರೇಲಿನಲ್ಲಿ ಅದು ಆಗದಿರಲು ಕಾರಣ ನೆಲದ ಬೆಲೆ, ಅದರ ಹಿಂದೆ ಒಂದು ಆಡಳಿತ ನಿರ್ಧಾರ. 1982ರ ಮುಷ್ಕರದ ನಂತರ ಪಾಳುಬಿದ್ದ ಗಿರಣಿಗಳ ಜಮೀನನ್ನು ಮೂರು ಪಾಲು ಮಾಡಿ, ಒಂದನ್ನು ಬಯಲಿಗೆ, ಒಂದನ್ನು ಸರ್ಕಾರಿ ವಸತಿಗೆ, ಒಂದನ್ನು ಮಾಲೀಕರಿಗೆ ಬಿಡಬೇಕೆಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿ ಆ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸಾರ್ವಜನಿಕರ ಪಾಲು ಕರಗಿತು, ಮಾಲುಗಳೂ ಗೋಪುರಗಳೂ ಎದ್ದವು. ಗಿರಣಿಗಳ ಊರಿನಲ್ಲಿ ಮಾರುಕಟ್ಟೆಯೊಂದೇ ರೋಗಿಗೆ ಕೋಣೆ ಒದಗಿಸುತ್ತದೆಂದು ಕಾಯುವುದು ವ್ಯರ್ಥ.

2021ರಲ್ಲಿ ನಡೆದ ಪ್ರಸಂಗವೊಂದು ಇಲ್ಲಿ ಪ್ರಸ್ತುತ. ಮಹಾರಾಷ್ಟ್ರದ ವಸತಿ ಪ್ರಾಧಿಕಾರ ಮ್ಹಾಡಾ, ಟಾಟಾ ಆಸ್ಪತ್ರೆಗೆ ಬರುವ ರೋಗಿಗಳ ಕಡೆಯವರಿಗಾಗಿ ಪರೇಲಿನಲ್ಲಿ 100 ಫ್ಲಾಟುಗಳನ್ನು ಕೊಡಲು ಮುಂದಾಯಿತು. ಸುತ್ತಲಿನ ನಿವಾಸಿಗಳು ಒಪ್ಪಲಿಲ್ಲ. ಸ್ಥಳೀಯ ಶಾಸಕರು ಅವರ ಅಹವಾಲನ್ನು ಮುಖ್ಯಮಂತ್ರಿಗೆ ಮುಟ್ಟಿಸಿದರು. ಆದೇಶಕ್ಕೆ ತಡೆ ಬಿತ್ತು. ಕೂಡಲೇ ಬಾಂಬೆ ಡೈಯಿಂಗ್ ಗಿರಣಿಯ ಜಾಗದ ಕಟ್ಟಡದಲ್ಲಿ ಬದಲಿ ಫ್ಲಾಟುಗಳನ್ನು ಕೊಡುವ ತೀರ್ಮಾನವಾಯಿತು ಎಂಬುದು ಸಮಾಧಾನದ ಮಾತು. ನಾವು ಬಡಾವಣೆಯನ್ನು ಆರಿಸುತ್ತೇವೆ ಎಂದುಕೊಳ್ಳುತ್ತೇವೆ. ಬಡಾವಣೆಯೂ ನಮ್ಮನ್ನು ಆರಿಸುತ್ತದೆ, ಬೇಡವೆನ್ನುತ್ತದೆ. ಇಂತಹ ವಿರೋಧ ಮುಂಬೈಗಷ್ಟೇ ಸೀಮಿತವೆಂದು ಬೆಂಗಳೂರಿನವರು ಬೀಗಬೇಕಿಲ್ಲ.

ತೆರಿಗೆಯ ಮಾತನ್ನೂ ಆಡಬೇಕು. ದಿನಕ್ಕೆ 1,000 ರೂಪಾಯಿಯೊಳಗಿನ ಕೋಣೆಗಳಿಗಿದ್ದ ಜಿಎಸ್‌ಟಿ ವಿನಾಯಿತಿಯನ್ನು 2022ರ ಜುಲೈ 18ರಿಂದ ತೆಗೆದುಹಾಕಿ 12 ಶೇಕಡಾ ತೆರಿಗೆ ಹಾಕಲಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು 5 ಶೇಕಡಾಕ್ಕೆ ಇಳಿದಿದೆ. 7,500 ರೂಪಾಯಿವರೆಗಿನ ಕೋಣೆಗೂ ಅದೇ ದರ. ಅಂದರೆ ವಿಹಾರಕ್ಕೆ ಬಂದವನೂ ವಿಕಿರಣಕ್ಕೆ ಬಂದವನೂ ತೆರಿಗೆಯ ಕಣ್ಣಿನಲ್ಲಿ ಸಮಾನರು. ಆದರೆ ನೋಂದಾಯಿತ ಧಾರ್ಮಿಕ ಸಂಸ್ಥೆಯೊಂದು ದೇವಸ್ಥಾನದ ಆವರಣದಲ್ಲಿ 1,000 ರೂಪಾಯಿಯೊಳಗೆ ಕೊಡುವ ಕೋಣೆಗೆ ವಿನಾಯಿತಿ ಉಳಿದಿದೆ. ಯಾತ್ರಿಕನಿಗೆ ಕೊಟ್ಟಿದ್ದನ್ನು ನಾನು ಪ್ರಶ್ನಿಸುವುದಿಲ್ಲ. ಆಸ್ಪತ್ರೆಯ ಚೀಟಿ ತೋರಿಸಿದವನಿಗೂ ಅದನ್ನು ವಿಸ್ತರಿಸಲು ಖಜಾನೆ ಬರಿದಾಗಬೇಕಿಲ್ಲ.

ಇಷ್ಟಾದ ಮೇಲೆ ಒಂದು ಆಕ್ಷೇಪ ಬಂದೇ ಬರುತ್ತದೆ, ಅದೂ ನ್ಯಾಯವಾದದ್ದು. ರಾಯಚೂರಿನವರು ಮುಂಬೈಯಲ್ಲಿ ಎಲ್ಲಿ ಉಳಿಯಬೇಕೆಂದು ಬರೆಯುವ ಬದಲು ಅವರು ಮುಂಬೈಗೇ ಹೋಗದಂತೆ ಏಕೆ ಮಾಡಬಾರದು? 2022ರ ಮೇ ತಿಂಗಳಿನಲ್ಲಿ ಏಮ್ಸ್‌ಗಾಗಿ ರಾಯಚೂರಿನಲ್ಲಿ ಆರಂಭವಾದ ಧರಣಿ 2025ರಲ್ಲಿ ಸಾವಿರ ದಿನಗಳನ್ನು ದಾಟಿತು. ಆ ಬೇಡಿಕೆಯ ಹಿಂದಿರುವ ನೋವು ಇದೇ. ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷ ಮೀರಿದರೂ ಗಂಭೀರ ಕಾಯಿಲೆಗೆ ಈ ಸೀಮೆಯ ಜನ ರೈಲು ಹತ್ತಬೇಕಾಗಿದೆ ಎಂಬುದು ಯಾವ ಸರ್ಕಾರಕ್ಕೂ ಶೋಭೆಯಲ್ಲ. ಆದರೆ ದೊಡ್ಡ ಆಸ್ಪತ್ರೆ ಮಂಜೂರಾಗಿ, ಕಟ್ಟಡವೆದ್ದು, ತಜ್ಞರು ಬಂದು ನೆಲೆಯೂರಲು ಹತ್ತು ವರ್ಷ ಬೇಕೆಂಬುದು ಕಡತಗಳ ನಡುವೆ ಬದುಕಿದ ನನಗೆ ಗೊತ್ತು. ಈ ತಿಂಗಳು ಗಂಟು ಕಾಣಿಸಿಕೊಂಡವಳು ಹತ್ತು ವರ್ಷ ಕಾಯಲಾರಳು. ಒಂದನ್ನು ಕೇಳಿದರೆ ಇನ್ನೊಂದನ್ನು ಬಿಟ್ಟುಕೊಟ್ಟಂತೆ ಎಂಬ ಅಂಜಿಕೆಗೆ ಅರ್ಥವಿಲ್ಲ.

ಭವನ ಕಟ್ಟಿ ಎಂದರೆ ಜಮೀನು, ಟೆಂಡರು, ಶಂಕುಸ್ಥಾಪನೆ ಎಂದು ಇನ್ನೊಂದು ದಶಕ. ಕಟ್ಟಡವೇ ಬೇಕಿಲ್ಲ. ವಾಶಿಯಲ್ಲೋ ದಾದರ್ ಪೂರ್ವದಲ್ಲೋ ಹತ್ತಿಪ್ಪತ್ತು ಕೋಣೆಗಳನ್ನು ವರ್ಷದ ಗುತ್ತಿಗೆಗೆ ಹಿಡಿದು, ಅಡುಗೆಗೆ ಅವಕಾಶ ಮಾಡಿ, ಮಾಟುಂಗದ ಕನ್ನಡ ಸಂಸ್ಥೆಗಳಲ್ಲಿ ಒಪ್ಪುವವರಿಗೆ ಉಸ್ತುವಾರಿ ವಹಿಸಬಹುದು. ಕಲ್ಯಾಣ ಕರ್ನಾಟಕದ ಅಭಿವೃದ್ಧಿಯ ಹಣವನ್ನು ಪ್ರದೇಶದ ಹೊರಗೆ ಹೇಗೆ ಖರ್ಚು ಮಾಡುವುದೆಂದು ಲೆಕ್ಕಪತ್ರದವರು ಹುಬ್ಬೇರಿಸುತ್ತಾರೆ, ನಾನಿದ್ದರೂ ಹುಬ್ಬೇರಿಸುತ್ತಿದ್ದೆ. ಹಾಗಿದ್ದರೆ ಅದನ್ನು ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕಕ್ಕೆ ಹಾಕಲಿ.

ಅದಕ್ಕೂ ಮೊದಲು, ಹೆಚ್ಚು ಖರ್ಚಿಲ್ಲದೆ ಆಗುವ ಕೆಲಸವೊಂದಿದೆ. ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆ ರಿಮ್ಸ್‌ನಲ್ಲೂ ದೇವದುರ್ಗ, ಮಾನ್ವಿಯ ಸರ್ಕಾರಿ ಆಸ್ಪತ್ರೆಗಳಲ್ಲೂ ರೋಗಿಯನ್ನು ಹೊರಗೆ ಕಳಿಸುವ ಕಾಗದದ ಜೊತೆಗೆ ಕನ್ನಡ ಮತ್ತು ಉರ್ದುವಿನಲ್ಲಿ ಅಚ್ಚಾದ ಒಂದು ಹಾಳೆ ಕೊಡಬೇಕು. ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಬೇರೆಬೇರೆ ಹಾಳೆ. ಮುಂಬೈಯದಾದರೆ ಅದರಲ್ಲಿ ಇರಬೇಕಾದದ್ದು: ಯಾವ ರೈಲಿಗೆ ಯಾವ ನಿಲ್ದಾಣದಲ್ಲಿ ಇಳಿಯಬೇಕು, ಪರೇಲಿಗೂ ಖಾರ್ಘರ್‌ಗೂ ಇರುವ ವ್ಯತ್ಯಾಸ, ಧರ್ಮಶಾಲೆಗಳ ವಿಳಾಸ ಮತ್ತು ದೂರವಾಣಿ, ಸಮಾಜಸೇವಾ ವಿಭಾಗದ ಕೋಣೆ, ಲೋಕಲ್ಲಿನ ಮೀಸಲು ಡಬ್ಬಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ರೈಲು ಪ್ರಯಾಣ ಪೂರ್ತಿ ಉಚಿತ, ಜೊತೆಗಾರನಿಗೆ 75 ಶೇಕಡಾ ರಿಯಾಯಿತಿ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಮೇಲ್ಗಡೆಯೇ ಅಚ್ಚುಹಾಕಬೇಕು. ಅದಕ್ಕೆ ಬೇಕಾದ ಆಸ್ಪತ್ರೆಯ ಪ್ರಮಾಣಪತ್ರ ಟಿಕೆಟ್ ತೆಗೆಯುವ ಮೊದಲೇ ಕೈಯಲ್ಲಿರಬೇಕು. ಆ ಹಾಳೆಯ ವಿಳಾಸಗಳನ್ನು ಆರು ತಿಂಗಳಿಗೊಮ್ಮೆ ಫೋನು ಮಾಡಿ ಸರಿಪಡಿಸಲು ಒಬ್ಬ ಗುಮಾಸ್ತನ ಅರ್ಧ ದಿನ ಸಾಕು.